ಜುಲೈ ಶನಿವಾರ ನಿಂತ ಏಸಿ: ಫೀನಿಕ್ಸ್‌ಗೆ ಬಂದ ಒಂದು ಸಂಸಾರದ ಪ್ರಕರಣ ಅಧ್ಯಯನ

ಬೆಂಗಳೂರಿನಿಂದ ಅರಿಜೋನಾದ ಫೀನಿಕ್ಸ್‌ಗೆ ಜೂನ್ ನಡುವಿನಲ್ಲಿ ಬಂದಿಳಿದ ನಾಲ್ವರ ಸಂಸಾರ. ಗಂಡ ಪಕ್ಕದ ಚಾಂಡ್ಲರ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ಹೆಂಡತಿಗೆ ಮನೆಯಿಂದಲೇ ಕೆಲಸ, ಮಗನಿಗೆ ನಾಲ್ಕು ವರ್ಷ. ಜೊತೆಗೆ ಗಂಡನ ತಾಯಿ: ವಯಸ್ಸು 67, ಹುಟ್ಟಿ ಬೆಳೆದದ್ದು ರಾಯಚೂರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ, ಬಂದದ್ದು ಆರು ತಿಂಗಳ ಮಟ್ಟಿಗೆ. ಬಾಡಿಗೆ ಮನೆ ನಗರದ ದಕ್ಷಿಣ ಅಂಚಿನ ಅಹವಾಟೂಕಿಯಲ್ಲಿ: 1993ರಲ್ಲಿ ಕಟ್ಟಿದ್ದು, ಒಂದೇ ಅಂತಸ್ತು, 1,750 ಚದರ ಅಡಿ, ಹಿತ್ತಲಲ್ಲಿ ಈಜುಕೊಳ, ಹಾಲ್‌ನ ದೊಡ್ಡ ಗಾಜಿನ ಬಾಗಿಲು ಪಶ್ಚಿಮಕ್ಕೆ. ಬಂದು ಆರನೇ ವಾರ, ಜುಲೈ ಕೊನೆಯ ಒಂದು ಶನಿವಾರ ಸಂಜೆ ಏಸಿ ನಿಂತಿತು. ಭಾನುವಾರ ನಸುಕಿಗೆ ಅಜ್ಜಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದರು.

ಇದು ಯಾವುದೋ ಒಂದೇ ಮನೆಯ ದಾಖಲೆಯಲ್ಲ. ಫೀನಿಕ್ಸ್‌ಗೆ ಹೊಸದಾಗಿ ಬರುವ ಭಾರತೀಯ ಸಂಸಾರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದು ಮನೆಗೆ ತಂದು ಕೂಡಿಸಿದ ಮಾದರಿ ಪ್ರಕರಣ. ಮನೆಮಂದಿ ಕಲ್ಪಿತ, ಊರು, ಕಾನೂನು, ಯಂತ್ರ, ಕಾಯಿಲೆ ಯಾವುದೂ ಕಲ್ಪಿತವಲ್ಲ. ಬೇರೆಯಾಗಿ ಹೇಳದ ಕಡೆ ಡಿಗ್ರಿ ಎಂದರೆ ಸೆಲ್ಸಿಯಸ್.

ರಾಯಚೂರಿನ ಅನುಭವ ಯಾಕೆ ಕೈಕೊಟ್ಟಿತು

"ರಾಯಚೂರಾಗ ಹುಟ್ಟಿ ಬೆಳೆದಾಕಿ ನಾ. ನಿಮ್ಮ ಬಿಸಿಲು ನನಗೇನ್ ಹೊಸದಲ್ಲ ಬಿಡು" ಎಂಬುದು ಅಜ್ಜಿಯ ಮಾತು. ಹಗಲಿನ ಅಂಕಿ ನೋಡಿದರೆ ಅವರ ಮಾತಿನಲ್ಲಿ ತಪ್ಪಿಲ್ಲ. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಫೀನಿಕ್ಸ್‌ನ ಜುಲೈ ಮಧ್ಯಾಹ್ನ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು, ಅಷ್ಟೆ.

ವ್ಯತ್ಯಾಸ ಇರುವುದು ರಾತ್ರಿಯಲ್ಲಿ, ಗೋಡೆಯಲ್ಲಿ ಮತ್ತು ಬೇಸಿಗೆಯ ಉದ್ದದಲ್ಲಿ.

2023ರಲ್ಲಿ ಫೀನಿಕ್ಸ್ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಥವಾ ಮುಟ್ಟಿತು, ಅಂದರೆ 43.3 ಡಿಗ್ರಿ. ಅದೇ ಜುಲೈ 19ರಂದು ರಾತ್ರಿಯ ಕನಿಷ್ಠ ತಾಪಮಾನವೇ 36 ಡಿಗ್ರಿ. ಗಮನಿಸಿ, ಅದು ಬೆಳಗಿನ ಜಾವದ ಅಂಕಿ. ಮೈಲಿಗಟ್ಟಲೆ ಹಬ್ಬಿದ ಡಾಂಬರು, ಕಾಂಕ್ರೀಟು ಹಗಲು ಹೀರಿದ ಕಾವನ್ನು ರಾತ್ರಿಯಿಡೀ ಬಿಡುತ್ತಿರುತ್ತವೆ. 2024ರಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲಿನ ದಿನಗಳು ಸಾಲಾಗಿ 113 ಬಂದವು. ನಮ್ಮಲ್ಲಿ ಜೂನ್ ಮೊದಲ ಮಳೆಗೆ ಬೇಸಿಗೆ ಮುಗಿಯುತ್ತದೆ. ಇಲ್ಲಿ ಜೂನ್‌ಗೆ ಅದು ಇನ್ನೂ ಶುರುವಾಗುತ್ತಿರುತ್ತದೆ.

ಇನ್ನು ಗೋಡೆ. ರಾಯಚೂರಿನ ಹಳೆಯ ಮಾಳಿಗೆ ಮನೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಕಾಯುವುದೇ ನಿಧಾನ; ಒಳಗೆ ಮಧ್ಯಾಹ್ನ ದಾಟುವುದು ಗೊತ್ತಾಗದು. ಫೀನಿಕ್ಸ್‌ನ ಈ ಕಾಲದ ಮನೆಗಳು ಮರದ ಚೌಕಟ್ಟಿಗೆ ಹಲಗೆ ಹೊಡೆದು, ಮೇಲೆ ತೆಳ್ಳಗೆ ಗಾರೆ ಬಳಿದವು. ಸೂರಿನಡಿಯ ಅಟ್ಟ ಜುಲೈ ಸಂಜೆ 60 ಡಿಗ್ರಿ ಮೀರುತ್ತದೆ, ಅದರ ಕೆಳಗಿರುವುದು ಜಿಪ್ಸಂ ಹಲಗೆ ಮತ್ತು ಒಂದಿಷ್ಟು ಶಾಖನಿರೋಧಕ. ಈ ಮನೆ ತಾನಾಗಿ ತಂಪಾಗಿರಲು ಕಟ್ಟಿದ್ದಲ್ಲ, ಯಂತ್ರ ತಂಪು ಮಾಡುತ್ತದೆ ಎಂದು ನಂಬಿ ಕಟ್ಟಿದ್ದು. ಯಂತ್ರ ನಿಂತರೆ ಕೆಲವೇ ಗಂಟೆಯಲ್ಲಿ ಒಳಗೂ ಕಾವು ಏರಿಬಿಡುತ್ತದೆ. ಫೀನಿಕ್ಸ್ ಇರುವ ಮರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 645, 2024ರಲ್ಲಿ 608. ಹೆಚ್ಚಿನವರು ಮನೆಯ ಹೊರಗೆ ಕಾವಿಗೆ ಸಿಕ್ಕವರು, ನಿಜ. ಆದರೆ ಪ್ರತಿ ವರ್ಷವೂ ಮನೆಯೊಳಗೇ ಸತ್ತವರು ಇರುತ್ತಾರೆ. ಅಂಥ ಮನೆಗಳ ತನಿಖೆಯಲ್ಲಿ ಪದೇ ಪದೇ ಕಾಣುವುದು ಏಸಿ ಇತ್ತು, ಓಡುತ್ತಿರಲಿಲ್ಲ ಎಂಬುದು.

ಹಾಗಾಗಿ ಮರುಭೂಮಿಯ ಊರಿಗೆ ಬರುವವರಿಗೆ ನಮ್ಮ ಮೊದಲ ಸಲಹೆ ಟೋಪಿ, ನೀರಿನ ಬಾಟಲಿಯ ಬಗ್ಗೆ ಅಲ್ಲ. ಏಸಿಯನ್ನು ಅನುಕೂಲದ ವಸ್ತುವೆಂದು ಎಣಿಸುವುದನ್ನು ಬಿಡಿ. ನಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ವಿಚಾರಿಸುವ ಗಂಭೀರತೆಯಲ್ಲೇ ಅದರ ವಯಸ್ಸು, ಸ್ಥಿತಿ ವಿಚಾರಿಸಿ.

ಮೇ ತಿಂಗಳಲ್ಲೇ ಆದ ತಪ್ಪುಗಳು

ಮನೆ ಗೊತ್ತು ಮಾಡಿದ್ದು ಬೆಂಗಳೂರಿನಲ್ಲಿ ಕೂತು, ವಿಡಿಯೋ ಕರೆಯಲ್ಲಿ. ಅಡುಗೆಮನೆ, ಕಪಾಟು, ಈಜುಕೊಳ ಎಲ್ಲ ನೋಡಿದರು. ಸೂರಿನ ಮೇಲಿನ ಯಂತ್ರದತ್ತ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಅಲ್ಲಿದ್ದದ್ದು 2008ರಲ್ಲಿ ತಯಾರಾದ ನಾಲ್ಕು ಟನ್ನಿನ ಹೀಟ್ ಪಂಪ್. ತಂಪು, ಶಾಖ ಎರಡನ್ನೂ ಕೊಡುವ, ಎಲ್ಲ ಭಾಗ ಒಂದೇ ಡಬ್ಬಿಯಲ್ಲಿರುವ ಈ ಬಗೆಯ ಯಂತ್ರಗಳು ಫೀನಿಕ್ಸ್‌ನಲ್ಲಿ ಸಾಮಾನ್ಯ. ಬಿಸಿಲಲ್ಲೇ ಕೂತು ದುಡಿಯುವುದರಿಂದ 12–15 ವರ್ಷ ಬಾಳಿದರೆ ದೊಡ್ಡದು.

ಯಂತ್ರದ ಪಕ್ಕದಲ್ಲಿರುವ ಲೋಹದ ಫಲಕದ ಒಂದು ಫೋಟೋ ಕೇಳಿ ತರಿಸಿಕೊಂಡಿದ್ದರೆ ಮೂರು ಸಂಗತಿ ತಿಳಿಯುತ್ತಿತ್ತು. ತಯಾರಾದ ವರ್ಷ ಒಂದು. ಮಾದರಿ ಸಂಖ್ಯೆಯ ನಡುವೆ ಸಾಮಾನ್ಯವಾಗಿ ಅಡಗಿರುವ 036, 048, 060 ಇಂಥ ಅಂಕಿ ಎರಡನೆಯದು. ಅದನ್ನು 12ರಿಂದ ಭಾಗಿಸಿದರೆ ಎಷ್ಟು ಟನ್ ಎಂಬುದು ಸಿಗುತ್ತದೆ. ಮೂರನೆಯದು ಒಳಗಿನ ಅನಿಲ. 2010ಕ್ಕೂ ಮೊದಲಿನ ಯಂತ್ರಗಳಲ್ಲಿ ಹೆಚ್ಚಾಗಿ ಆರ್-22 ಇರುತ್ತದೆ. ಅಮೆರಿಕದಲ್ಲಿ ಅದರ ತಯಾರಿಕೆ ಮತ್ತು ಆಮದು 2020ರ ಜನವರಿಯಿಂದ ನಿಂತಿದೆ. ಅನಿಲ ಸೋರಿದರೆ ಹಳೆಯ ದಾಸ್ತಾನಿನಿಂದ ದುಬಾರಿಗೆ ತುಂಬಿಸಬೇಕು. ಹಾಗಾಗಿ ಮಾಲೀಕರು ಇಂದು ನಾಳೆ ಎನ್ನುತ್ತಾರೆ.

ಮನೆ ನೋಡಲು ಖುದ್ದಾಗಿ ಹೋದವರಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಏಸಿ 15 ನಿಮಿಷ ಓಡಲಿ. ಅಡುಗೆಯ ಥರ್ಮಾಮೀಟರನ್ನು ಗಾಳಿ ಒಳಗೆಳೆಯುವ ದೊಡ್ಡ ಜಾಲರಿಯ ಬಳಿ ಹಿಡಿಯಿರಿ, ಆಮೇಲೆ ತಂಪುಗಾಳಿ ಬೀಳುವ ಕಿಂಡಿಗೆ ಹಿಡಿಯಿರಿ. ಎರಡರ ನಡುವೆ 9ರಿಂದ 11 ಡಿಗ್ರಿ ವ್ಯತ್ಯಾಸ ಇರಬೇಕು. 6 ಅಥವಾ 7 ಬಂದರೆ ಮೇ ತಿಂಗಳಲ್ಲಿ ಹೇಗೋ ನಡೆಯುತ್ತದೆ, ಜುಲೈಗೆ ಕೈಕೊಡುತ್ತದೆ.

ಬಂದ ಮೇಲೆ ಇನ್ನೆರಡು ತಪ್ಪು ಸೇರಿಕೊಂಡವು. ದೂಳಿನ ಊರು ಎಂದು ಹೆದರಿ ಗಂಡ ಅಂಗಡಿಯಲ್ಲಿದ್ದ ಅತಿ ಸೂಕ್ಷ್ಮ ಫಿಲ್ಟರ್ ತಂದು ಹಾಕಿದರು: ಒಂದಿಂಚು ದಪ್ಪದ್ದು, ಮರ್ವ್ 13 ದರ್ಜೆಯದು (ಮರ್ವ್ ಅಂಕಿ ಹೆಚ್ಚಿದಷ್ಟೂ ಫಿಲ್ಟರ್ ಸೂಕ್ಷ್ಮ). ಅಷ್ಟು ಬಿಗಿಯಾದ ಫಿಲ್ಟರ್ ಒಂದಿಂಚಿನ ಚೌಕಟ್ಟಿನಲ್ಲಿ ಗಾಳಿಯನ್ನೇ ತಡೆಯುತ್ತದೆ. ಗಾಳಿ ಕಡಿಮೆಯಾದರೆ ಒಳಗಿನ ತಂಪು ಸುರುಳಿಯ ಮೇಲೆ ಹಿಮ ಕಟ್ಟುತ್ತದೆ, ಯಂತ್ರ ಬಿಡುವಿಲ್ಲದೆ ಓಡುತ್ತದೆ. ಹಳೆಯ ಯಂತ್ರಕ್ಕೆ ಮರ್ವ್ 8 ಸಾಕು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಬದಲಿಸಬೇಕು. ಇವರು ಐದು ವಾರ ಮುಟ್ಟಿರಲಿಲ್ಲ.

ಎರಡನೆಯದು ಉಳಿತಾಯದ ಲೆಕ್ಕ. ಮನೆಗೆ ಕರೆಂಟು ಎಪಿಎಸ್ ಕಂಪನಿಯದು. ಹೊತ್ತಿಗೆ ತಕ್ಕ ದರದ ಪ್ಲಾನ್‌ನಲ್ಲಿ ಸೋಮವಾರದಿಂದ ಶುಕ್ರವಾರ ಸಂಜೆ 4ರಿಂದ 7ರವರೆಗೆ ಯೂನಿಟ್ ದುಬಾರಿ. (ಫೀನಿಕ್ಸ್‌ನ ಕೆಲವು ಭಾಗಕ್ಕೆ ಎಸ್‌ಆರ್‌ಪಿ ಕರೆಂಟು ಕೊಡುತ್ತದೆ. ಯಾವುದು ಎಂಬುದು ವಿಳಾಸದ ಮೇಲೆ ನಿಂತದ್ದು, ಆಯ್ಕೆ ನಮ್ಮದಲ್ಲ. ಅವರ ದುಬಾರಿ ಹೊತ್ತುಗಳು ಬೇರೆ.) ಹೆಂಡತಿ ಆ ಮೂರು ಗಂಟೆ ಏಸಿಯನ್ನು ಪೂರ್ತಿ ಆರಿಸುತ್ತಿದ್ದರು. ದಿನದ ಅತಿ ಕಾವಿನ ಹೊತ್ತಿನಲ್ಲಿ ಗೋಡೆ, ಸೋಫಾ, ನೆಲ ಎಲ್ಲ ಕಾದು ಕೂತವು. ಏಳಕ್ಕೆ ಹಚ್ಚಿದರೆ ಯಂತ್ರ ನಡುರಾತ್ರಿ ದಾಟಿದರೂ ಒಂದೇ ಸಮ ಓಡಬೇಕಾಯಿತು.

ಆರಿಸುವುದಲ್ಲ, ಮುಂಚೆ ತಂಪು ಮಾಡಿಟ್ಟುಕೊಳ್ಳುವುದು ಸರಿಯಾದ ದಾರಿ. ಮಧ್ಯಾಹ್ನ 1ರಿಂದ 4ರವರೆಗೆ ಥರ್ಮೋಸ್ಟ್ಯಾಟನ್ನು 75 ಫ್ಯಾರನ್‌ಹೀಟ್‌ಗೆ ಇಳಿಸಿ, 4ಕ್ಕೆ 80ಕ್ಕೆ ಏರಿಸಿ, 7ಕ್ಕೆ 78ಕ್ಕೆ ತನ್ನಿ. ಊರಿಗೆ ಹೋಗುವಾಗಲೂ 85ರ ಮೇಲೆ ಬಿಡಬೇಡಿ, ಪೂರ್ತಿ ಆರಿಸಲೇಬೇಡಿ. ಇಷ್ಟು ದೊಡ್ಡ ಮನೆಗೆ ಜುಲೈ, ಆಗಸ್ಟ್ ಬಿಲ್ಲು ತಿಂಗಳಿಗೆ 300 ಡಾಲರ್ ಆಸುಪಾಸು ಬರುತ್ತದೆಂದು ಮೊದಲೇ ಬಜೆಟ್‌ನಲ್ಲಿ ಇಟ್ಟುಕೊಂಡರೆ ಇಂಥ ಆಟ ಆಡುವ ಮನಸ್ಸು ಬರುವುದಿಲ್ಲ.

ಆ ಶನಿವಾರ

ಸಂಜೆ 5.40. ಹೊರಗೆ 44 ಡಿಗ್ರಿ, ಒಳಗೆ 26. ಕಿಂಡಿಯಿಂದ ಗಾಳಿ ಬರುತ್ತಿದೆ, ತಂಪಿಲ್ಲ. ಸೂರಿನ ಮೇಲಿನಿಂದ ಗುಂಯ್ ಎಂಬ ಸದ್ದು ಬಂದು, ನಿಂತು, ಮತ್ತೆ ಬರುತ್ತಿದೆ.

ಈ ಲಕ್ಷಣ ಬಲ್ಲವರಿಗೆ ಕಾರಣ ಹೇಳಲು ಸೂರು ಹತ್ತಬೇಕಾಗಿಲ್ಲ: ಕೆಪಾಸಿಟರ್ ಹೋಗಿದೆ. ಕಂಪ್ರೆಸರಿಗೂ ಹೊರಗಿನ ಫ್ಯಾನಿಗೂ ತಿರುಗಲು ಬೇಕಾದ ನೂಕು ಕೊಡುವ, ಲೋಟದಷ್ಟಿರುವ ಭಾಗ ಅದು. ಇಂಥ ಕೆಪಾಸಿಟರ್‌ಗಳು ಸಾಮಾನ್ಯವಾಗಿ 70 ಡಿಗ್ರಿವರೆಗೆ ತಡೆಯುವಂತೆ ತಯಾರಾದವು. ಬಿಸಿಲು ಹೊಡೆಯುವ ಸೂರಿನ ಮೇಲೆ, ಓಡುತ್ತಲೇ ಇರುವ ಯಂತ್ರದ ಮುಚ್ಚಿದ ಡಬ್ಬಿಯೊಳಗೆ ಅದು ಪ್ರತಿ ಸಂಜೆ ಆ ಮಿತಿಯ ಹತ್ತಿರ ಬದುಕುತ್ತದೆ. ಒಳಗಿನ ಪದರ ಸ್ವಲ್ಪ ಸ್ವಲ್ಪವೇ ಸುಟ್ಟು ಶಕ್ತಿ ಕುಂದುತ್ತದೆ, ತಲೆ ಉಬ್ಬುತ್ತದೆ, ಒಂದು ದಿನ ನೂಕಲಾರದೆ ನಿಲ್ಲುತ್ತದೆ. ಬಿಡಿಭಾಗದ ಬೆಲೆ 20ರಿಂದ 40 ಡಾಲರ್. ವಾರಾಂತ್ಯದ ರಾತ್ರಿ ಅದನ್ನು ಹಾಕಿಸಲು ಕೆಲವು ನೂರು ಡಾಲರ್. ವಸಂತದ ತಪಾಸಣೆಯಲ್ಲಿ ಮೀಟರ್ ಹಿಡಿದು ಅಳೆದಿದ್ದರೆ ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು.

ಮನೆಯವರು ಮಾಡಿದ ಮೊದಲ ಕೆಲಸ ಬ್ರೇಕರನ್ನು ಆರಿಸಿ ಹಾಕುವುದು. ಒಂದು ಸಲ ಮಾಡಿದ್ದರೆ ಸರಿ. ಆರೇಳು ಸಲ ಮಾಡಿದರು. ತಿರುಗದ ಕಂಪ್ರೆಸರಿಗೆ ಮತ್ತೆ ಮತ್ತೆ ಕರೆಂಟು ಕೊಟ್ಟರೆ ಸುರುಳಿ ಸುಡುತ್ತದೆ, ನೂರರ ರಿಪೇರಿ ಸಾವಿರಗಳಿಗೆ ಹೋಗುತ್ತದೆ. ಇವರ ಅದೃಷ್ಟ, ಕಂಪ್ರೆಸರ್ ಉಳಿಯಿತು. ಸರಿಯಾದ ಕ್ರಮ ಹೀಗೆ: ಥರ್ಮೋಸ್ಟ್ಯಾಟಿನ ಬ್ಯಾಟರಿ ನೋಡಿ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸಿ. ಬ್ರೇಕರ್ ಆರಿಸಿ, ಐದು ನಿಮಿಷ ಬಿಟ್ಟು ಒಮ್ಮೆ ಹಾಕಿ. ಕಿಂಡಿಯ ಗಾಳಿ ತೀರಾ ಕಡಿಮೆ ಇದ್ದರೆ ಹಿಮ ಕಟ್ಟಿರಬಹುದು. ತಂಪು ಆರಿಸಿ ಬರೀ ಫ್ಯಾನನ್ನು ಎರಡು ಮೂರು ಗಂಟೆ ಓಡಿಸಿ. ಅಲ್ಲಿಗೆ ಮನೆಯವರ ಕೆಲಸ ಮುಗಿಯಿತು. ಸೂರಿನ ಮೇಲೆ 240 ವೋಲ್ಟ್ ಇದೆ, ಕೆಪಾಸಿಟರ್ ಕರೆಂಟು ಆರಿಸಿದ ಮೇಲೂ ಹೊಡೆಯುತ್ತದೆ, ಲೋಹ ಮುಟ್ಟಿದರೆ ಚರ್ಮ ಸುಲಿಯುತ್ತದೆ. ಯೂಟ್ಯೂಬ್ ನೋಡಿ ಹತ್ತುವ ಜಾಗವಲ್ಲ.

7.30ಕ್ಕೆ ಒಳಗೆ 30 ಡಿಗ್ರಿ. ಪ್ರಾಪರ್ಟಿ ಮ್ಯಾನೇಜರಿಗೆ ಫೋನ್ ಹೋಯಿತು, ಉತ್ತರ ಯಂತ್ರದ್ದು: ಸೋಮವಾರ ಕರೆ ಮಾಡುತ್ತೇವೆ. ಅಷ್ಟರಲ್ಲಿ ಆಗ್ನೇಯ ದಿಕ್ಕಿನಿಂದ ಕಂದು ಗೋಡೆಯೊಂದು ಎದ್ದು ಬಂತು. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿ ಮಾನ್ಸೂನ್ ಎಂದು ಲೆಕ್ಕ. ಗುಡುಗು ಮೋಡ ಕುಸಿದಾಗ ನುಗ್ಗುವ ಗಾಳಿ ಒಣ ಹೊಲಗಳ ಮಣ್ಣನ್ನು ಸಾವಿರಾರು ಅಡಿ ಎತ್ತಿ ತರುತ್ತದೆ. ಇದೇ ಹಬೂಬ್. ಅದು ದಾಟಿದ ಮೇಲೆ ಗಾಳಿ ಬೀಸುತ್ತಿದೆಯಲ್ಲ ಎಂದು ಮನೆಯವರು ಎಲ್ಲ ಕಿಟಕಿ ತೆರೆದರು. ಹೊರಗೆ ಆಗಲೂ 38 ಡಿಗ್ರಿ. ಒಳಗೆ ಉಳಿದಿದ್ದ ತಂಪು ಹೋಗಿ ಕಾವು, ಮಣ್ಣು ಎರಡೂ ಬಂದವು.

ಅಜ್ಜಿ ಊರಿನ ಉಪಾಯ ನೆನಪಿಸಿದರು: ಒದ್ದೆ ಸೀರೆ ಕಿಟಕಿಗೆ ಕಟ್ಟಿ ಫ್ಯಾನ್ ಹಚ್ಚುವುದು. ರಾಯಚೂರು, ಕಲಬುರಗಿಯ ಡೆಸರ್ಟ್ ಕೂಲರ್‌ನ ತತ್ವವೇ ಅದು. ಫೀನಿಕ್ಸ್‌ನ ಹಳೆಯ ಮನೆಗಳಲ್ಲೂ ಅಂಥ ಕೂಲರ್‌ಗಳಿವೆ. ಮೇ, ಜೂನ್‌ನಲ್ಲಿ ತೇವಾಂಶ ಶೇ. 10ಕ್ಕಿಂತ ಕೆಳಗಿರುವಾಗ ಈ ಉಪಾಯ ಸೊಗಸಾಗಿ ನಡೆಯುತ್ತದೆ. ಮಾನ್ಸೂನಿನ ತೇವ ಬಂದ ಮೇಲೆ ನೀರು ಆರುವುದೇ ನಿಧಾನ, ಹಾಗಾಗಿ ತಂಪೂ ಹುಟ್ಟದು. ಕೋಣೆ ಬರೀ ಜಿಗುಟಾಗುತ್ತದೆ. ಇನ್ನು ಬರೀ ಫ್ಯಾನು: ಗಾಳಿ 35 ಡಿಗ್ರಿ ದಾಟಿದ ಮೇಲೆ, ಅದರಲ್ಲೂ ಹೆಚ್ಚು ಬೆವರದ ವಯಸ್ಸಾದವರಿಗೆ, ಅದು ಮೈಯ ಶಾಖ ತೆಗೆಯುವುದಿಲ್ಲ, ಸೇರಿಸುತ್ತದೆ.

ಅಂದು ಅಜ್ಜಿಗೆ ಶನಿವಾರದ ಒಪ್ಪತ್ತು. ಮಧ್ಯಾಹ್ನ ಒಂದು ಊಟ, ಸಂಜೆ ಏನೂ ಇಲ್ಲ. ಬಿಪಿಗೆಂದು ನುಂಗುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಇತ್ತು. ಬಾಯಾರಿಕೆ ಅನಿಸದ ವಯಸ್ಸು ಬೇರೆ. ರಾತ್ರಿ 10ಕ್ಕೆ ತಲೆನೋವು, ಓಕರಿಕೆ, ಮೀನಖಂಡದ ಸೆಳೆತ. ಮಗ ಬೆಂಗಳೂರಿನ ಪರಿಚಿತ ವೈದ್ಯರಿಗೆ ಕರೆ ಮಾಡಿದರು. ಅರಿಜೋನಾದ ಬಹುಭಾಗ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ, ಭಾರತಕ್ಕೂ ಫೀನಿಕ್ಸ್‌ಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿ ಭಾನುವಾರ ಬೆಳಗ್ಗೆ 10.30; ವೈದ್ಯರು ಸಿಕ್ಕರು. ಕೂಡಲೇ ತಂಪಿರುವ ಜಾಗಕ್ಕೆ ಕರೆದೊಯ್ಯಿರಿ ಎಂದರು. ಅಷ್ಟು ಹೊತ್ತಿನಲ್ಲಿ ಎಲ್ಲಿಗೆ ಎಂಬ ಚರ್ಚೆಯಲ್ಲಿ ಇನ್ನೆರಡು ಗಂಟೆ ಹೋಯಿತು. ಒಳಗೆ 34. ನಿಂತಾಗ ಕಣ್ಣು ಕತ್ತಲೆ ಬಂದು ಅಜ್ಜಿ ಕುಸಿದು ಕೂತ ಮೇಲೆ ತುರ್ತು ವಿಭಾಗಕ್ಕೆ ಒಯ್ದರು. ಡ್ರಿಪ್ ಹಾಕಿ, ರಕ್ತದ ಲವಣಾಂಶ ನೋಡಿ, ಬೆಳಗ್ಗೆ ಕಳಿಸಿದರು.

ಇದು ಬಳಲಿಕೆಯ ಹಂತದಲ್ಲೇ ನಿಂತಿತು. ಮಾತು ತೊದಲಿದರೆ, ಎದುರಿಗಿದ್ದವರ ಗುರುತು ತಪ್ಪಿದರೆ, ಮೈ ಕಾವು 40 ಡಿಗ್ರಿ ಮುಟ್ಟಿದರೆ ಅದು ಹೀಟ್ ಸ್ಟ್ರೋಕ್. ಆಗ ಕಾರು ತೆಗೆಯಬೇಡಿ, 911ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಟ್ಟು, ಮೈಮೇಲೆ ತಣ್ಣೀರು ಸುರಿಯುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಏನು ಮಾಡಬೇಕಿತ್ತು

ಏಸಿ ನಿಂತ ಮೊದಲ ಗಂಟೆಯಲ್ಲಿ ಪರದೆಗಳನ್ನೆಲ್ಲ ಎಳೆದು, ಒಲೆ, ಓವನ್ ಮುಟ್ಟದೆ, ಎಲ್ಲರೂ ಉತ್ತರದ ಒಂದು ಸಣ್ಣ ಕೋಣೆಗೆ ಸೇರಬೇಕಿತ್ತು. ಅದಕ್ಕೂ ಮೊದಲು, ಮೇ ತಿಂಗಳಲ್ಲೇ, 8,000 ಬಿಟಿಯು ಶಕ್ತಿಯ ಒಂದು ಸಣ್ಣ ಕಿಟಕಿ ಏಸಿ ತಂದಿಟ್ಟಿರಬೇಕಿತ್ತು. 200 ಡಾಲರ್ ಆಸುಪಾಸಿಗೆ ಸಿಗುತ್ತದೆ, ಸಾಮಾನ್ಯ ಪ್ಲಗ್ಗಿನಲ್ಲಿ ಓಡುತ್ತದೆ, ಒಂದು ಮಲಗುವ ಕೋಣೆಗೆ ಸಾಕು. ಜುಲೈನಲ್ಲಿ ಹೋದರೆ ಅಂಗಡಿ ಖಾಲಿ. ಕೆಲವು ಬಡಾವಣೆಗಳ ಮನೆಮಾಲೀಕರ ಸಂಘದ (ಎಚ್‌ಒಎ) ನಿಯಮ ಬೀದಿಗೆ ಕಾಣುವ ಕಿಟಕಿ ಏಸಿಗೆ ಒಪ್ಪುವುದಿಲ್ಲ. ಹಿತ್ತಲ ಕಡೆಯ ಕಿಟಕಿ ಆರಿಸಿ. ಗಾಲಿಯ ಮೇಲೆ ಉರುಳಿಸುವ ಪೋರ್ಟಬಲ್ ಏಸಿ ಕೊಳ್ಳುವುದಾದರೆ ಎರಡು ಕೊಳವೆಯದನ್ನೇ ಕೊಳ್ಳಿ. ಒಂದೇ ಕೊಳವೆಯದು ಕೋಣೆಯ ಗಾಳಿಯನ್ನು ಹೊರಗೆ ದೂಡುತ್ತದೆ, ಆ ಜಾಗ ತುಂಬಲು ಬಾಗಿಲ ಸಂದಿಯಿಂದ ಕಾದ ಗಾಳಿಯೇ ಒಳಗೆ ಬರುತ್ತದೆ. ಎಕ್ಸ್‌ಟೆನ್ಶನ್ ವೈರ್ ಬೇಡವೇ ಬೇಡ.

ಸಣ್ಣ ಏಸಿ ಇಲ್ಲದಿದ್ದರೆ 30 ಡಿಗ್ರಿಗೆ ಹೋಟೆಲ್ ಎಂದು ಮೊದಲೇ ಗೆರೆ ಹಾಕಿಕೊಳ್ಳಿ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಆ ಗೆರೆಯ ಬಳಿ ಚರ್ಚೆ ಇಲ್ಲ. ಬೇಸಿಗೆಯಲ್ಲಿ ಪ್ರವಾಸಿಗರಿಲ್ಲದೆ ಫೀನಿಕ್ಸ್‌ನ ಹೋಟೆಲ್‌ಗಳ ಬೆಲೆ ಇಳಿದಿರುತ್ತದೆ. ಹಣದ ಅಡಚಣೆ ಇದ್ದರೆ 211ಕ್ಕೆ ಕರೆ ಮಾಡಿದರೆ ಹತ್ತಿರದ ತಂಪು ಕೇಂದ್ರ ಹೇಳುತ್ತಾರೆ.

ಇನ್ನು ಕಾನೂನು. ಫೀನಿಕ್ಸ್ ನಗರ ಸಂಹಿತೆಯ ಪ್ರಕಾರ ಬಾಡಿಗೆ ಮನೆಯ ಏಸಿ ಕೋಣೆಗಳನ್ನು 82 ಫ್ಯಾರನ್‌ಹೀಟ್ ಅಥವಾ ಕೆಳಗೆ ಇಡಬಲ್ಲದ್ದಾಗಿರಬೇಕು. ಕೂಲರ್ ಇರುವ ಮನೆಯಾದರೆ 86. ಅಳೆಯುವುದು ಕೋಣೆಯ ನಡುವೆ, ನೆಲದಿಂದ ಮೂರು ಅಡಿ ಎತ್ತರದಲ್ಲಿ. ರಾಜ್ಯದ ಬಾಡಿಗೆ ಕಾಯಿದೆಯ 33-1364ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಮಾಲೀಕ ತಂಪಿನ ವ್ಯವಸ್ಥೆ ಒದಗಿಸದಿದ್ದರೆ, ಬಾಡಿಗೆದಾರ ನೋಟಿಸ್ ಕೊಟ್ಟು, ಆ ಸೌಲಭ್ಯವನ್ನು ತಾನೇ ಪಡೆದು ನ್ಯಾಯವಾದ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅಥವಾ ಬೇರೆ ಕಡೆ ಉಳಿಯಬಹುದು. ಆ ದಿನಗಳ ಬಾಡಿಗೆ ಕೊಡಬೇಕಿಲ್ಲ, ಬಾಡಿಗೆಗಿಂತ ಹೆಚ್ಚಾದ ಖರ್ಚಿನಲ್ಲಿ ಆ ಬಾಡಿಗೆಯ ಶೇ. 25ರವರೆಗೆ ಮಾಲೀಕನಿಂದ ಕೇಳಬಹುದು.

ಇದೆಲ್ಲದರ ಕೀಲಿ ನೋಟಿಸ್. ಇವರು ಕೊಟ್ಟದ್ದು ಬರೀ ಫೋನು, ಅದೂ ಯಂತ್ರಕ್ಕೆ. ಹೋಟೆಲ್ ಬಿಲ್ಲು, ತುರ್ತು ರಿಪೇರಿಯ ರಸೀದಿ ಎಲ್ಲ ಇದ್ದರೂ ವಾದಕ್ಕೆ ಬಲವಿಲ್ಲವಾಯಿತು. ಎರಡು ಸಾಲು ಬರೆಯಿರಿ: ಇಂಥ ದಿನ, ಇಂಥ ಹೊತ್ತು ಏಸಿ ನಿಂತಿದೆ, ಒಳಗೆ ಇಷ್ಟು ಡಿಗ್ರಿ, ಮನೆಯಲ್ಲಿ ಕಾಯಿಲೆಯ ಹಿರಿಯರಿದ್ದಾರೆ, 33-1364ರಂತೆ ಮುಂದುವರಿಯುತ್ತೇವೆ. ಥರ್ಮಾಮೀಟರಿನ ಫೋಟೋ ಜೊತೆಗೆ ಇಮೇಲ್ ಮಾಡಿ. ಅದರ ಪ್ರತಿಯನ್ನು ಕೈಗೆ ಕೊಡಿ ಅಥವಾ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ಮನೆ ಹಿಡಿಯುವಾಗಲೇ ಕರಾರಿನಲ್ಲಿ ಒಂದು ಸಾಲು ಸೇರಿಸಲು ಕೇಳಿ: ಮೇಯಿಂದ ಅಕ್ಟೋಬರ್‌ವರೆಗೆ ಏಸಿ ಕೆಟ್ಟರೆ 24 ಗಂಟೆಯೊಳಗೆ ರಿಪೇರಿ, ತಪ್ಪಿದರೆ ಪೋರ್ಟಬಲ್ ಏಸಿ ಅಥವಾ ಹೋಟೆಲ್. ಒಪ್ಪದ ಮಾಲೀಕನ ಏಸಿ ಹೇಗಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಆಸ್ಪತ್ರೆಯ ಬಿಲ್ಲಿನ ಮಾತೂ ಇಲ್ಲೇ ಮುಗಿಸಿಬಿಡುವ. ಅಜ್ಜಿಗೆ ಕೊಂಡಿದ್ದದ್ದು ಕಡಿಮೆ ಕಂತಿನ ಪ್ರಯಾಣ ವಿಮೆ, ಪ್ರತಿ ಸೇವೆಗೆ ಇಂತಿಷ್ಟೇ ಎಂದು ಮಿತಿ ಇರುವಂಥದ್ದು. ತುರ್ತು ವಿಭಾಗದ ಒಂದು ರಾತ್ರಿಗೆ ಆ ಮಿತಿ ಎಲ್ಲಿಗೂ ಸಾಲದು. ತಂದೆ ತಾಯಿಯನ್ನು ಬೇಸಿಗೆಯಲ್ಲಿ ಕರೆಸುವವರು ಒಟ್ಟು ವೆಚ್ಚ ನೋಡುವ ಸಮಗ್ರ ಯೋಜನೆಯನ್ನೇ ಕೊಳ್ಳಲಿ. ಹಳೆಯ ಕಾಯಿಲೆ ಹಠಾತ್ತನೆ ಕೆರಳಿದರೆ ಹಣ ಬರುತ್ತದೆಯೇ ಎಂಬ ಸಾಲನ್ನು ಓದಲಿ. ಸಾಧ್ಯವಿದ್ದರೆ ಕರೆಸುವುದನ್ನೇ ಅಕ್ಟೋಬರ್ ಕೊನೆಗೆ ಇಟ್ಟುಕೊಳ್ಳಲಿ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಫೀನಿಕ್ಸ್ ಬೆಂಗಳೂರಿಗಿಂತ ಒಂದು ಕೈ ಮೇಲು ಎನ್ನುವವರಿದ್ದಾರೆ. ನಮಗೂ ಹಾಗೇ ಅನ್ನಿಸುತ್ತದೆ.

ರಿಪೇರಿಯ ನಂತರ

ಸೋಮವಾರ ಮೆಕ್ಯಾನಿಕ್ ಬಂದು ಕೆಪಾಸಿಟರ್ ಬದಲಿಸಿದರು. 440 ವೋಲ್ಟಿನದನ್ನೇ ಕೇಳಿ ಹಾಕಿಸಿದ್ದು ಒಳ್ಳೆಯದಾಯಿತು, 370ರದ್ದಕ್ಕಿಂತ ತಾಳುತ್ತದೆ. ಪಶ್ಚಿಮದ ಗಾಜಿಗೆ ಹೊರಗಿನಿಂದ ಬಿಸಿಲು ತಡೆಯುವ ಜಾಲರಿ ಕಟ್ಟಿಸಿದರು. ಒಳಗಿನ ಪರದೆಗಿಂತ ಇದೇ ಮೇಲು. ಬಿಸಿಲು ಗಾಜು ದಾಟಿದ ಮೇಲೆ ತಡೆದರೆ ಶಾಖ ಆಗಲೇ ಮನೆಯೊಳಗೆ ಬಂದಾಗಿರುತ್ತದೆ. ಅಜ್ಜಿಯ ಹಾಸಿಗೆ ಪಶ್ಚಿಮದ ಕೋಣೆಯಿಂದ ಉತ್ತರಕ್ಕೆ ಬಂತು. ಮಾತ್ರೆಯ ಪ್ರಮಾಣ ವೈದ್ಯರೇ ಬದಲಿಸಿದರು. ಇದನ್ನು ಹೊರಡುವ ಮುಂಚೆ ಬೆಂಗಳೂರಿನಲ್ಲೇ ಕೇಳಿಕೊಂಡು ಬರಬೇಕಿತ್ತು, ತಾವಾಗಿ ನಿಲ್ಲಿಸುವಂಥದ್ದಲ್ಲ. ಒಪ್ಪತ್ತು ಮುಂದುವರಿಯಿತು, ಮಜ್ಜಿಗೆ, ಪಾನಕ ಒಳಗೊಂಡು. ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೊಂದು ಗಮನಿಸಬೇಕು. ಅದು 30 ಡಿಗ್ರಿ ದಾಟಬಾರದು, ಬೀದಿಬದಿಯ ಲೋಹದ ಅಂಚೆಪೆಟ್ಟಿಗೆ ಜುಲೈನಲ್ಲಿ ಅದರ ಎಷ್ಟೋ ಮೇಲಿರುತ್ತದೆ. ಔಷಧಿ ಅಂಚೆಯಲ್ಲಿ ತರಿಸಬೇಡಿ, ಅಂಗಡಿಯಿಂದ ತನ್ನಿ.

ನಾಲ್ಕು ವರ್ಷದ ಹುಡುಗನ ಲೆಕ್ಕ ಬೇರೆ. ಹಿತ್ತಲ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಚರ್ಮ ಸುಡುವಷ್ಟು ಕಾದಿರುತ್ತದೆ. ಮೊದಲ ನೀರನ್ನು ಗಿಡದ ಬುಡಕ್ಕೂ ಅಲ್ಲ, ಜಲ್ಲಿಯ ಮೇಲೆ ಬಿಟ್ಟು ಆಮೇಲೆ ಕೊಡಿ. ಡಾಂಬರು 70 ಡಿಗ್ರಿ ಮೀರುತ್ತದೆ, ಬರಿಗಾಲಿನ ಕೆಲವೇ ಕ್ಷಣ ಸಾಕು. ದೇವಸ್ಥಾನಕ್ಕೆ ಹೋಗುವವರಿಗೂ ಇದೇ ಮಾತು: ಚಪ್ಪಲಿಯನ್ನು ಬಾಗಿಲ ಬುಡದಲ್ಲೇ ಬಿಡಿ, ಹೊರಪ್ರದಕ್ಷಿಣೆ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಇಟ್ಟುಕೊಳ್ಳಿ ಅಥವಾ ಕಾಲುಚೀಲ ಹಾಕಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಈಜುಕೊಳಕ್ಕೆ ಬೇಲಿ: ಆರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ರಾಜ್ಯದ ಕಾನೂನು ಕನಿಷ್ಠ 5 ಅಡಿ ಎತ್ತರದ ತಡೆ, ತಾನೇ ಮುಚ್ಚಿ ಚಿಲಕ ಬೀಳುವ ಗೇಟು ಕೇಳುತ್ತದೆ. ಬೇಲಿ ಆಗುವ ಮುಂಚೆ ಮನೆಗೆ ಕಾಲಿಡದಿರುವುದು ಕ್ಷೇಮ.

ಚೇಳು. ಇಲ್ಲಿನ ಬಾರ್ಕ್ ಸ್ಕಾರ್ಪಿಯನ್ ನಮ್ಮ ಕರಿಚೇಳಿನಂತೆ ಕಪ್ಪಲ್ಲ. ಒಣಹುಲ್ಲಿನ ಬಣ್ಣ, ಎರಡು ಮೂರು ಇಂಚು, ಗೋಡೆ ಹತ್ತುತ್ತದೆ. ನೇರಳಾತೀತ ಟಾರ್ಚಿಗೆ ಹಸಿರಾಗಿ ಹೊಳೆಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ರಾತ್ರಿ ಕಾಂಪೌಂಡ್ ಗೋಡೆ ನೋಡುವುದು ಸುಲಭ. ಬಾಗಿಲ ಕೆಳಸಂದಿಗೆ ರಬ್ಬರ್ ಪಟ್ಟಿ ಬಡಿಸಿ, ಶೂ ಕೊಡವಿ ಹಾಕಿಕೊಳ್ಳಿ. ದೊಡ್ಡವರಿಗೆ ಕಚ್ಚಿದರೆ ನೋವು, ಜೋಮು. ಮಗುವಿಗೆ ಕಚ್ಚಿ ಕಣ್ಣುಗುಡ್ಡೆ ಅತ್ತಿತ್ತ ಓಡತೊಡಗಿದರೆ, ಜೊಲ್ಲು ಸುರಿದರೆ, ಕೈಕಾಲು ಅದುರಿದರೆ 911. ಉಳಿದ ಪ್ರಶ್ನೆಗೆ ವಿಷ ನಿಯಂತ್ರಣ ಕೇಂದ್ರ, 1-800-222-1222.

ಅಡುಗೆಮನೆಯಲ್ಲಿ ತೊಂದರೆ ಸಣ್ಣದು. ಬೇಸಿಗೆಯಲ್ಲಿ ತಣ್ಣೀರ ನಲ್ಲಿಯಿಂದಲೂ 30 ಡಿಗ್ರಿ ಮೀರಿದ ನೀರೇ ಬರುತ್ತದೆ. ಕೊಲರಾಡೋ, ಸಾಲ್ಟ್, ವರ್ಡೆ ನದಿಗಳ ನೀರು ಗಡುಸು. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದ ಅನುಭವ ಇದ್ದವರಿಗೆ ಹೊಸದಲ್ಲ. ಕುಡಿಯಲು, ಬೇಯಿಸಲು ಸಿಂಕ್ ಕೆಳಗೊಂದು ಆರ್‌ಒ ಸಾಕು. ಕರಿಬೇವಿನ ಕುಂಡಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಜನವರಿಯ ಮಂಜು ಬೀಳುವ ರಾತ್ರಿಗಳಲ್ಲಿ ಮೇಲೊಂದು ಬಟ್ಟೆ.

ಕಾರಿನ ಬ್ಯಾಟರಿ ಇಲ್ಲಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಮುನ್ಸೂಚನೆ ಇಲ್ಲದೆ. ಹಬೂಬ್ ಬಂದಾಗ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಇಳಿಸಿ, ಎಲ್ಲ ದೀಪ ಆರಿಸಿ, ಬ್ರೇಕ್ ಮೇಲಿನ ಕಾಲು ತೆಗೆದು ಹ್ಯಾಂಡ್ ಬ್ರೇಕ್ ಹಾಕಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ಓಡುವ ಕಾರೆಂದು ನಂಬಿ ಬಂದು ಗುದ್ದುತ್ತಾರೆ.

ದೂಳಿನ ಇನ್ನೊಂದು ಪರಿಣಾಮ

ಆ ಶನಿವಾರ ತೆರೆದ ಕಿಟಕಿಗಳಿಂದ ಬಂದ ಮಣ್ಣಿನ ವಿಷಯ ಬಾಕಿ ಇದೆ. ಈ ಸೀಮೆಯ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಅದರ ಬೀಜಕಣ ಉಸಿರಿನೊಂದಿಗೆ ಒಳಹೋದರೆ ಬರುವುದು ವ್ಯಾಲಿ ಫೀವರ್. ಅಮೆರಿಕದಲ್ಲಿ ವರದಿಯಾಗುವ ಪ್ರಕರಣಗಳ ದೊಡ್ಡ ಪಾಲು ಅರಿಜೋನಾದ್ದು. ದೂಳು ಸೇವಿಸಿದ ಒಂದರಿಂದ ಮೂರು ವಾರದ ಮೇಲೆ ಜ್ವರ, ಒಣಕೆಮ್ಮು, ಎದೆನೋವು, ಮೈಮುರಿಯುವಂಥ ಸುಸ್ತು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬಹಳಷ್ಟು ಜನರಲ್ಲಿ ತಾನೇ ವಾಸಿಯಾಗುತ್ತದೆ. ಅರುವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಉಲ್ಬಣಿಸಬಹುದು. ಸಾಮಾನ್ಯ ನ್ಯುಮೋನಿಯಾ ಎಂದು ಆ್ಯಂಟಿಬಯಾಟಿಕ್ ಕೊಟ್ಟರೆ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ.

ಫೀನಿಕ್ಸ್‌ನ ವೈದ್ಯರಿಗೆ ಇದು ಗೊತ್ತಿರುತ್ತದೆ. ತೊಡಕು ಬರುವುದು ಅಜ್ಜಿ ಡಿಸೆಂಬರ್‌ನಲ್ಲಿ ಊರಿಗೆ ಮರಳಿದ ಮೇಲೆ. ಆಗ ಕೆಮ್ಮು ಬಿಡದೆ ಕಾಡಿ, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಮಚ್ಚೆ ಕಂಡರೆ ರಾಯಚೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮೊದಲು ಅನುಮಾನ ಹೋಗುವುದು ಕ್ಷಯದ ಮೇಲೆ. ಹಾಗಾಗಿ ವಾಪಸು ಹೊರಡುವ ಹಿರಿಯರ ಔಷಧಿ ಚೀಟಿಗಳ ಜೊತೆ ಒಂದು ಕಾಗದ ಇಡಿ: ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅರಿಜೋನಾದಲ್ಲಿದ್ದರು, ದೂಳು ಬಿರುಗಾಳಿಗೆ ಸಿಕ್ಕಿದ್ದು ಯಾವಾಗ, ಕಫ ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದರೆ ಕಾಕ್ಸಿಡಿಯಾಯ್ಡಿಸ್ ಪ್ರತಿಕಾಯದ ರಕ್ತಪರೀಕ್ಷೆ ಆಗಬೇಕು ಎಂದು. ಹೊರಡುವ ಮುಂಚೆ ಫೀನಿಕ್ಸ್‌ನಲ್ಲಿ ಎದೆಯ ಎಕ್ಸ್‌ರೇ ತೆಗೆಸಿದ್ದರೆ ಅದರ ಪ್ರತಿಯನ್ನೂ ಸೇರಿಸಿ. ಮಚ್ಚೆ ಹಳೆಯದೋ ಹೊಸದೋ ಎಂದು ಹೋಲಿಸಿ ನೋಡಲು ಅದು ಬೇಕಾಗುತ್ತದೆ.